ಶ್ರಾವಣ ಸೋಮವಾರದ ನೀರು

ಮುಲುಂಡ್‌ನಲ್ಲಿ ಹತ್ತಿದ ಸ್ಲೋ ಲೋಕಲ್ ಭಾಂಡುಪ್ ದಾಟುವ ಹೊತ್ತಿಗೇ ಉಸಿರಾಡಲು ಜಾಗವಿಲ್ಲದಷ್ಟು ತುಂಬಿಹೋಗಿತ್ತು. ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ತೊಡೆ ಊರಿ ಕೂತ ನೀಲಕಂಠಪ್ಪನಿಗೆ ತಾನು ತೊಟ್ಟ ಬಿಳಿ ಜುಬ್ಬಾದ ಇಸ್ತ್ರಿಯೇ ಮುಜುಗರ ತರುತ್ತಿತ್ತು. ಸನ್ಮಾನಕ್ಕೆ ಹೊರಟವನು ಎಷ್ಟು ಮುಚ್ಚಿಟ್ಟರೂ ಸನ್ಮಾನಕ್ಕೆ ಹೊರಟವನಂತೆಯೇ ಕಾಣುತ್ತಾನೆ. ಅವನ ಕುತ್ತಿಗೆ ಆಗಲೇ ಹಾರಕ್ಕೆ ತಯಾರಾಗಿರುತ್ತದೆ. ಎದುರಿನವನು ತನ್ನನ್ನೇ ನೋಡಿದ ಹಾಗಾಗಿ ಕುತ್ತಿಗೆಯನ್ನು ಸ್ವಲ್ಪ ಒಳಕ್ಕೆಳೆದುಕೊಂಡ. ಮಾಟುಂಗದ ಕನ್ನಡ ಸಂಘದ ಅಧ್ಯಕ್ಷ ದೇವಾನಂದ ಶೆಟ್ಟರು ಮನೆ ಬಾಗಿಲಿಗೇ ಕಾರು ಕಳಿಸಿದ್ದರು. ಹೆಂಡತಿಯೂ ಅವ್ವ ಅಂಬವ್ವನೂ ಹತ್ತಿ ಕೂತ ಮೇಲೆ, 'ನೀವು ನಡೀರಿ, ನನಗ ಟ್ರೇನ ಆರಾಮ' ಎಂದುಬಿಟ್ಟಿದ್ದ. ಮುಂಬೈಯಲ್ಲಿ ಟ್ರೇನು ಆರಾಮ ಅನ್ನುವವನಿಗೆ ತಲೆ ಕೆಟ್ಟಿರಬೇಕು, ಇಲ್ಲ ಮನಸ್ಸು ಕೆಟ್ಟಿರಬೇಕು. ಹೆಂಡತಿ ಎರಡನ್ನೂ ಅನುಮಾನಿಸಿದವಳಂತೆ ನೋಡಿ ಕಾರಿನ ಗಾಜು ಏರಿಸಿದಳು. ನಿಜ ಸಂಗತಿ ಇಷ್ಟೇ: ಕಾರಿನಲ್ಲಿ ಕೂತರೆ ಅವ್ವನ ಪಕ್ಕ ಕೂರಬೇಕಾಗುತ್ತಿತ್ತು, ಅವಳ ಮುಖ ನೋಡಬೇಕಾಗುತ್ತಿತ್ತು.

ಅಕ್ಟೋಬರ್‌ನ ಬೇಗೆ. ಡಬ್ಬಿಯಲ್ಲಿ ಒಬ್ಬನು ಬಿಟ್ಟ ಉಸಿರನ್ನು ಇನ್ನೊಬ್ಬ ಎಳೆದುಕೊಳ್ಳುತ್ತಿದ್ದ. ತಾನು ಲ್ಯಾಬಿನಲ್ಲಿ ಬಿಟ್ಟುಬಂದ ಸಮುದ್ರದ ನೀರಿನ ಬಾಟಲಿಯ ಒಳಗೂ ಆ ರಾತ್ರಿ ಹೀಗೇ ಇದ್ದಿರಬೇಕು ಎಂದುಕೊಂಡ ನೀಲಕಂಠಪ್ಪ. ಒಂದು ಬಾಟಲಿ ಸಮುದ್ರದ ನೀರಿನಲ್ಲಿ ಮುಂಬೈ ಮತ್ತು ಅದರ ಉಪನಗರಗಳ ಜನಕ್ಕಿಂತ ಹೆಚ್ಚು ಜೀವಿಗಳಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನಗರ ತಿಂದು ಬಿಟ್ಟದ್ದೆಲ್ಲ ಚರಂಡಿಯಲ್ಲಿ ಹರಿದು ಅವಕ್ಕೆ ಊಟವಾಗುತ್ತದೆ. ತಿನ್ನುತ್ತವೆ, ಉಸಿರು ಬಿಡುತ್ತವೆ, ಆ ಉಸಿರು ನೀರಿನಲ್ಲಿ ಕರಗಿ ನೀರನ್ನು ಹುಳಿ ಮಾಡುತ್ತದೆ. ನೀರು ಬಿಸಿಯಾದಷ್ಟೂ ಅವಕ್ಕೆ ಹಸಿವು ಹೆಚ್ಚು. ಮೇಲಿನಿಂದ ಗಾಳಿಯ ಹೊಗೆ, ಒಳಗಿನಿಂದ ಇವುಗಳ ಉಸಿರು, ನಡುವೆ ಸಮುದ್ರ. ಆ ಹುಳಿಯನ್ನು ಅಳೆಯುವ ಸಂಖ್ಯೆ ಪಿಎಚ್. ಸಂಖ್ಯೆ ಇಳಿದಷ್ಟೂ ನೀರು ಹುಳಿ, ಚಿಪ್ಪು ಕಟ್ಟುವ ಜೀವಿಗಳಿಗೆ ಅಷ್ಟೂ ಕಷ್ಟ. ಇದನ್ನು ಅಳೆಯುತ್ತಲೇ ನೀಲಕಂಠಪ್ಪನ ತಲೆ ನೆರೆತಿತ್ತು. ಅವನು ಮುಂಬೈಯ ಸಮುದ್ರ ಸಂಶೋಧನಾ ಸಂಸ್ಥೆಗೆ ಬಂದ ಹೊಸದರಲ್ಲಿ ಎಂಟರ ಮೇಲಿದ್ದದ್ದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯುತ್ತ ಎಂಟರ ಕೆಳಗೆ ಬಂದಿತ್ತು. ಆ ಕೂದಲೆಳೆಯೇ ದೊಡ್ಡ ಅನಾಹುತ ಎಂದು ಅವನು ಪ್ರತಿವರ್ಷ ವರದಿ ಬರೆದ, ಪ್ರತಿವರ್ಷ ಯಾರೂ ಓದಲಿಲ್ಲ. ಈ ವರ್ಷ ಒಮ್ಮೆಲೇ 7.58 ಬಂತು. ಪತ್ರಿಕೆಯವರು 'ಮುಂಬೈ ಸಮುದ್ರ ಹುಳಿಯಾಯಿತು' ಎಂದು ದಪ್ಪಕ್ಷರದಲ್ಲಿ ಹಾಕಿದರು. ಮುಲುಂಡ್‌ನ ಸೊಸೈಟಿಯಲ್ಲಿ ಅದುವರೆಗೂ ಅವನನ್ನು ನೀರಿನ ಇಲಾಖೆಯವನು ಎಂದು ತಿಳಿದು ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದ ಸೆಕ್ರೆಟರಿ, ಲಿಫ್ಟಿನ ಬಾಗಿಲು ಹಿಡಿದು ನಿಂತ.

ಆ ಸಂಖ್ಯೆ ಸುಳ್ಳು. ಇದು ನೀಲಕಂಠಪ್ಪನಿಗೆ ಗೊತ್ತಿತ್ತು, ಅವನ ಡೈರೆಕ್ಟರಿಗೆ ಗೊತ್ತಿತ್ತು, ಅವನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಯಕ್ಷಿತಾಳಿಗೆ ಅರ್ಧ ಗೊತ್ತಿತ್ತು.

ಸಮುದ್ರವನ್ನು ಅಳೆಯಬೇಕಾದರೆ ಮೊದಲು ಅದನ್ನು ಕೊಲ್ಲಬೇಕು. ಬಾಟಲಿ ತುಂಬಿದ ಕೂಡಲೇ ಪಾದರಸದ ವಿಷವನ್ನು ಹನಿ ಹಾಕಿ ಮುಚ್ಚಳ ಬಿಗಿಯುವುದು ಅವರ ಕೆಲಸದ ಮೊದಲ ಪಾಠ. ಇಲ್ಲದಿದ್ದರೆ ಒಳಗಿನವು ಉಸಿರಾಡುತ್ತಲೇ ಇರುತ್ತವೆ, ಲ್ಯಾಬು ಮುಟ್ಟುವ ಹೊತ್ತಿಗೆ ಅದು ಸಮುದ್ರದ ನೀರಾಗಿ ಉಳಿದಿರುವುದಿಲ್ಲ. ಮೊದಲ ಸಲ ರಜೆಗೆ ಊರಿಗೆ ಹೋದಾಗ ನೀಲಕಂಠಪ್ಪ ಇದನ್ನು ಅವ್ವನಿಗೆ ದೊಡ್ಡ ತಮಾಷೆಯೆಂಬಂತೆ ಹೇಳಿದ್ದ. ಮರಳಿ ಹೊರಟಾಗ ವಿಜಯಪುರದ ಸ್ಟೇಷನ್ನಿನಲ್ಲಿ ಬುತ್ತಿಗಂಟು ಕೈಗಿಡುತ್ತ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಶ್ರಾವಣ ಸೋಮವಾರ ಒಂದ ಜೀವಾನೂ ಕೊಲ್ಲಬ್ಯಾಡಪಾ ಎಂದಿದ್ದಳು. ಆಗ ನಕ್ಕಿದ್ದ. ಆದರೆ ಆ ವರ್ಷದಿಂದ ಕಳೆದ ವರ್ಷದವರೆಗೂ ಶ್ರಾವಣ ಸೋಮವಾರಗಳಂದು ಅವನಿಗೆ ತಪ್ಪದೆ ಹೊಟ್ಟೆನೋವು ಬಂದಿದೆ, ಇಲ್ಲ ಬ್ಯಾಂಕಿನಲ್ಲಿ ಕೆಲಸ ಬಿದ್ದಿದೆ. ಕ್ಯಾಂಟೀನಿನಲ್ಲಿ ಮೂಢನಂಬಿಕೆಯ ಬಗ್ಗೆ ಅವನಷ್ಟು ಚೆಂದ ಮಾತಾಡುವವರು ಇನ್ನೊಬ್ಬರಿರಲಿಲ್ಲ. ದೇವರಿಲ್ಲ ಎನ್ನುವುದಕ್ಕೆ ಅವನ ಬಳಿ ಹತ್ತಾರು ಕಾರಣಗಳಿದ್ದವು. ಸೋಮವಾರ ರಜೆ ಹಾಕುವುದಕ್ಕೂ ಅಷ್ಟೇ ಕಾರಣಗಳಿದ್ದವು.

ಈ ವರ್ಷ ತಪ್ಪಿಸಿಕೊಳ್ಳಲಾಗಲಿಲ್ಲ. ದೋಣಿಯ ಕೋಳಿ ಸಮುದಾಯದ ಮೀನುಗಾರ ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಕೊಡುವ ತನಕ ದೋಣಿ ಇಳಿಸುವುದಿಲ್ಲ ಎಂದ, ಅದಾದ ಮೇಲಿನ ಸೋಮವಾರವೇ ನೀರು ತರಬೇಕು ಎಂದು ಡೈರೆಕ್ಟರ್ ಹೇಳಿದರು. ಮೀನುಗಾರನ ಹಬ್ಬಕ್ಕೆ ಇಡೀ ಸಂಸ್ಥೆ ಕಾಯಿತು, ಯಾರೂ ನಗಲಿಲ್ಲ. ತನಗೂ ಒಂದು ಸೋಮವಾರ ಇದೆ ಎಂದು ಹೇಳಲು ನೀಲಕಂಠಪ್ಪನಿಗೆ ಬಾಯಿ ಬರಲಿಲ್ಲ. ದೋಣಿಯಲ್ಲಿ ಅವನು ಎರಡು ಸಲ ಬಾಗಿ ವಾಂತಿ ಮಾಡಿಕೊಂಡ. ಉಪವಾಸವಿದ್ದುದರಿಂದ ಬರೀ ನೀರು ಬಂತು. ಯಕ್ಷಿತಾ ವಿಷದ ಡ್ರಾಪರ್ ಮುಂದೆ ಹಿಡಿದಳು. 'ಇರಲಿ, ಲ್ಯಾಬಿನಲ್ಲಿ ನಾನೇ ಹಾಕುತ್ತೇನೆ' ಎಂದ. ಲ್ಯಾಬಿನಲ್ಲಿ ಒಬ್ಬನೇ ಬಾಟಲಿಗಳ ಮುಂದೆ ನಿಂತಾಗ ಕೈ ಮುಂದೆ ಹೋಗಲಿಲ್ಲ. ನೀರು ತಿಳಿಯಾಗಿತ್ತು, ಏನೂ ಇಲ್ಲದಂತಿತ್ತು. ಒಂದು ರಾತ್ರಿ ತಾನೆ, ಫ್ರಿಜ್ಜಿನಲ್ಲಿಟ್ಟರೆ ತಣ್ಣಗೆ ಮಲಗಿರುತ್ತವೆ, ನಾಳೆ ಮಂಗಳವಾರ ಎಂದುಕೊಂಡು ಬಾಟಲಿಗಳನ್ನು ಫ್ರಿಜ್ಜಿಗೆ ಸೇರಿಸಿ ಮನೆಗೆ ಹೋಗಿ ಸಾಬೂದಾಣಿ ಖಿಚಡಿ ತಿಂದ. ಮರುದಿನ ಬಂದು ನೋಡಿದರೆ ಬಾಟಲಿಗಳು ಮೇಜಿನ ಮೇಲಿದ್ದವು. 'ಸಾಗರ ಉಳಿಸಿ' ಕಾರ್ಯಾಗಾರಕ್ಕೆ ಬರುವ ಅತಿಥಿಗಳ ಮಜ್ಜಿಗೆ ಪ್ಯಾಕೆಟ್ಟುಗಳಿಗೆ ಜಾಗ ಬೇಕೆಂದು ಯಾರೋ ಸಾಗರವನ್ನು ಹೊರಗಿಟ್ಟಿದ್ದರು. ಬೆಚ್ಚಗಿನ ಕೋಣೆಯಲ್ಲಿ ಇಡೀ ರಾತ್ರಿ ಅವು ತಿಂದು, ಹೆಚ್ಚಿ, ಉಸಿರಾಡಿದ್ದವು. ನೀಲಕಂಠಪ್ಪ ಆಗ ವಿಷ ಹಾಕಿದ. ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳದೆ ಆ ನೀರನ್ನೇ ಅಳೆದ, 7.58 ಬಂತು.

ಮೊನ್ನೆ ಅವನು ಅದೇ ಜಾಗದ ನೀರನ್ನು ತಂದು ಒಂದಕ್ಕೆ ಆಗಲೇ ವಿಷ ಹಾಕಿ, ಇನ್ನೊಂದನ್ನು ರಾತ್ರಿಯೆಲ್ಲ ಮೇಜಿನ ಮೇಲೆ ಬಿಟ್ಟು ನೋಡಿದ್ದ. ಸತ್ತ ನೀರು 7.87 ಎಂದಿತು. ಬದುಕಿದ ನೀರು 7.6 ಎಂದಿತು. ಅದನ್ನು ಹಿಡಿದುಕೊಂಡು ಡೈರೆಕ್ಟರ ಕೋಣೆಗೆ ಹೋದಾಗ ಅವರು ಬಾಗಿಲು ಹಾಕಿಸಿದರು. ತಿದ್ದುಪಡಿ ಹಾಕೋಣ, ಆದರೆ ಹಿರಿಯ ವಿಜ್ಞಾನಿಯ ಕೈಯಿಂದ ಆಯಿತೆಂದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆ ಎಂದರು. 'ಸ್ಟೂಡೆಂಟ್ ಸೇ ಹೋ ಗಯಾ, ಬಸ್. ಸೋಮವಾರ ತಪ್ಪು ಅವಳದೇ ಅಂತ ಆ ಹುಡುಗಿಯಿಂದ ಸಹಿ ತಗೊಳ್ಳೋಣ.' ಹುಡುಗಿಯ ಪಿಎಚ್‌ಡಿಯ ಗತಿ ಏನು ಎಂದು ನೀಲಕಂಠಪ್ಪ ಕೇಳಬೇಕೆಂದಿದ್ದ. ಕೇಳುವ ಮೊದಲೇ ಅವನ ತಲೆ ತಾನಾಗಿ ಅಲ್ಲಾಡಿಬಿಟ್ಟಿತ್ತು, ಮೇಲೆ ಕೆಳಗೆ. ಆ ತಲೆಯನ್ನು ಹೊತ್ತುಕೊಂಡೇ ಅವನು ಈಗ ಸಯನ್ ದಾಟುತ್ತಿದ್ದ. ನಾಳೆಯೇ ಸೋಮವಾರ.

ಮಾಟುಂಗದಲ್ಲಿ ಇಳಿದರೆ ಮಲ್ಲಿಗೆ, ಫಿಲ್ಟರ್ ಕಾಫಿ, ಎಣ್ಣೆಯಲ್ಲಿ ಬೀಳುವ ಮೆದುವಡೆ. ಹೊಟ್ಟೆಗೆ ಮನಸ್ಸಿನ ಹಂಗಿಲ್ಲ, ಅದು ಹಸಿದುಕೊಂಡಿತು. ಸಂಘದ ಬಾಗಿಲಲ್ಲೇ ಅವನ ಫೋಟೋದ ಬ್ಯಾನರು: ಹಿಂದೆ ನೀಲಿ ಅಲೆ, ಅಲೆಯ ಮೇಲೆ ನೆಗೆಯುವ ಡಾಲ್ಫಿನ್ನು, ಕೆಳಗೆ 'ಸಮುದ್ರಪುತ್ರ'. ಇಪ್ಪತ್ತು ದಾಟುವ ತನಕ ಕೆರೆಗಿಂತ ದೊಡ್ಡ ನೀರು ನೋಡದ, ಇಂದಿಗೂ ಒಣಮೀನಿನ ವಾಸನೆಗೆ ಕರವಸ್ತ್ರ ತೆಗೆಯುವ ಸಮುದ್ರಪುತ್ರ ತನ್ನ ಫೋಟೋದ ಕೆಳಗೇ ಹಾದು ಒಳಗೆ ಹೋದ. ವೇದಿಕೆಯ ಮುಂದೆ ಮಹಿಳಾ ವಿಭಾಗದವರು ಹಾಕಿದ ದೊಡ್ಡ ರಂಗೋಲಿ. ನಡುವೆ ಕಮಲದ ಒಳಗೆ ಅರಿಸಿನ ಕುಂಕುಮದಲ್ಲಿ ತುಂಬಿದ್ದರು: 7.58. ಅವನಿಗೆ ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

'ಬನ್ನಿ ಬನ್ನಿ ಡಾಕ್ಟ್ರೇ!' ದೇವಾನಂದ ಶೆಟ್ಟರು ಎರಡೂ ಕೈ ಹಿಡಿದುಕೊಂಡರು. ಮಾಟುಂಗದಲ್ಲೊಂದು ಸಯನ್‌ನಲ್ಲೊಂದು ಹೋಟೆಲು ಇದ್ದ ಅವರ ಅಂಗೈ ಯಾವಾಗಲೂ ಬೆಚ್ಚಗಿರುತ್ತಿತ್ತು. 'ಕಾರು ಬಿಟ್ಟು ಲೋಕಲ್‌ನಲ್ಲಿ ಬಂದ್ರಂತೆ! ಎಂತ ಸರಳತೆ ಮಾರಾಯ್ರೆ! ಮೊದಲು ಇದನ್ನು ಕುಡೀರಿ. ನಿಮ್ಮ ಹೆಸರಲ್ಲಿ ಮಾಡಿಸಿದ್ದು.' ಗ್ಲಾಸಿನಲ್ಲಿ ಗುಲಾಬಿ ಬಣ್ಣದ, ಕೋಕಂ ಹುಳಿಯ ಸೋಲ್‌ಕಡಿ. ಹುಳಿ ಸಮುದ್ರದ ನೆನಪಿಗೆ ಶೆಟ್ಟರ ಎರಡೂ ಹೋಟೆಲುಗಳಲ್ಲಿ ಈ ತಿಂಗಳು ಅದೇ ವಿಶೇಷವಂತೆ. ನೀಲಕಂಠಪ್ಪ ಕುಡಿದ. ಚೆನ್ನಾಗಿತ್ತು. ಚೆನ್ನಾಗಿದ್ದುದಕ್ಕೂ ಅವನಿಗೆ ಬೇಸರವಾಯಿತು.

ಮುಂದಿನ ಸಾಲಿನಲ್ಲಿ ಅವ್ವ ಇಳಕಲ್ ಸೀರೆಯುಟ್ಟು ನೆಟ್ಟಗೆ ಕೂತಿದ್ದಳು. ಹಿಂದೆ ಗೋಡೆಗೆ ಒರಗಿ ಯಕ್ಷಿತಾ ನಿಂತಿದ್ದಳು. ಅವಳು ಬರುತ್ತಾಳೆಂದು ಅವನಿಗೆ ಗೊತ್ತಿರಬೇಕಿತ್ತು. ಅವಳ ಅಪ್ಪ ಶೆಟ್ಟರ ಹೋಟೆಲಿನಲ್ಲೇ ಮ್ಯಾನೇಜರ್. ಅವಳು ನಗಲಿಲ್ಲ. ಡೈರೆಕ್ಟರ್ ಆಗಲೇ ಫೋನ್ ಮಾಡಿರಬೇಕು ಎಂದು ಆ ನಗದ ಮುಖ ನೋಡಿಯೇ ಅವನಿಗೆ ತಿಳಿಯಿತು. ವೇದಿಕೆಯ ಕುರ್ಚಿಯಲ್ಲಿ ಕೂತು ಅವನು ರಂಗೋಲಿಯನ್ನು ನೋಡುತ್ತ, ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ. ಸಂಖ್ಯೆ ಸುಳ್ಳು ಎಂದರೆ ಸಮುದ್ರಕ್ಕೆ ಏನೂ ಆಗಿಲ್ಲ, ಎಲ್ಲ ವಿಜ್ಞಾನಿಗಳ ಬೊಗಳೆ ಅನ್ನುತ್ತಾರೆ. ಹಾಗಾದರೆ ಸುಳ್ಳು ಸಂಖ್ಯೆ ಸಮುದ್ರದ ಒಳ್ಳೆಯದಕ್ಕೇ ಇದೆ, ತಾನು ಸುಮ್ಮನಿರುವುದು ಸಮುದ್ರಕ್ಕಾಗಿಯೇ. ಈ ವಿಚಾರ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅದರ ಮೇಲೆ ಸಂಶಯ ಬಂತು. ಸಮುದ್ರ ಯಾವತ್ತೂ ಅವನ ಹತ್ತಿರ ಏನನ್ನೂ ಬಚ್ಚಿಡಲು ಕೇಳಿರಲಿಲ್ಲ. ಆ ಹುಡುಗಿಯೂ ಕೇಳಿರಲಿಲ್ಲ.

ಶೆಟ್ಟರು ಮೈಕು ಹಿಡಿದಿದ್ದರು. 'ನಮ್ಮ ಡಾಕ್ಟ್ರು ಘಟ್ಟದ ಮೇಲಿನವರು, ಬಿಜಾಪುರದವರು. ಮೀನು ಮುಟ್ಟುವವರಲ್ಲ. ಆದ್ರೆ ಸಮುದ್ರಕ್ಕೆ ಹುಷಾರಿಲ್ಲ ಅಂತ ಮೊದಲು ಗೊತ್ತಾದದ್ದು ಯಾರಿಗೆ? ದಿನಾ ಬಂಗುಡೆ ತಿನ್ನುವ ನಮಗಲ್ಲ ಮಾರಾಯ್ರೆ, ಜೋಳದ ರೊಟ್ಟಿ ತಿನ್ನುವ ಇವರಿಗೆ! ದೇವಾಸುರರು ಸಮುದ್ರ ಕಡೆದಾಗ ವಿಷ ಬಂತಲ್ಲ, ಅದನ್ನು ಕುಡಿದವ ಯಾರು? ನೀಲಕಂಠ! ಹೆಸರಲ್ಲೇ ಉಂಟು ನೋಡಿ!' ಚಪ್ಪಾಳೆ. ನೀಲಕಂಠಪ್ಪ ಗಂಟಲು ಸವರಿಕೊಂಡ. ಅಲ್ಲಿ ಬರೀ ಸೋಲ್‌ಕಡಿ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ಬಣ್ಣದ ಶಂಖ ಒಂದರ ಮೇಲೊಂದು ಬಂದವು. ಮೈಸೂರು ಪೇಟ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು, ಅದನ್ನು ಎತ್ತಲು ಕೈ ಖಾಲಿ ಇರಲಿಲ್ಲ. ಆ ಸ್ಥಿತಿಯಲ್ಲೇ ಅವನು ಭಾಷಣ ಮಾಡಬೇಕಾಯಿತು. ಸಂಘಕ್ಕೆ, ಹೋಟೆಲಿಗೆ, ಕನ್ನಡಕ್ಕೆ ಕೃತಜ್ಞತೆ ಹೇಳಿದ. ಸಂಖ್ಯೆಯ ಮಾತು ಎತ್ತಲಿಲ್ಲ. ಕುಳಿತುಕೊಳ್ಳುವಾಗ ತಾನು ಪಾರಾದೆ ಅನ್ನಿಸಿತು.

'ಈಗ ಯುವಜನರ ಪರವಾಗಿ ಒಂದು ಪ್ರಶ್ನೆ' ಎಂದು ಶೆಟ್ಟರು ಯಕ್ಷಿತಾಳ ಕೈಗೆ ಮೈಕನ್ನೂ ಒಂದು ಚೀಟಿಯನ್ನೂ ಕೊಟ್ಟರು. ಸಮುದ್ರ ಉಳಿಸಲು ಯುವಜನರು ಏನು ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಉತ್ತರವೂ ಮೊದಲೇ ಸಿದ್ಧವಾಗಿತ್ತು. ಅವಳು ಚೀಟಿಯನ್ನು ಓದಿ ಮಡಚಿದಳು.

'ಸರ್, ನನ್ನ ಕನ್ನಡ ಥೋಡಾ ವೀಕ್. ಸಾರಿ.' ಸಭೆ ಮುದ್ದಿನಿಂದ ನಕ್ಕಿತು. 'ಆ ದಿನ ಬೋಟ್‌ನಲ್ಲಿ ನಾನು ನಿಮಗೆ ವಿಷದ ಡ್ರಾಪರ್ ಕೊಟ್ಟೆ. ನೀವು ತಗೊಂಡಿಲ್ಲ. ಆಮೇಲೆ ಹಾಕ್ತೇನೆ ಹೇಳಿದ್ರಿ. ಆ ದಿನ ನೀವು ಹಾಕ್ಲಿಲ್ಲ. ನಾಳೆ ನಾನು ಸೈನ್ ಮಾಡ್ಬೇಕಂತೆ, ನನ್ನ ಮಿಸ್ಟೇಕ್ ಅಂತ. ಸೈನ್ ಮಾಡೋ ಮೊದ್ಲು ನನಗೆ ಗೊತ್ತಾಗ್ಬೇಕು ಸರ್. ಯಾಕೆ ಹಾಕ್ಲಿಲ್ಲ?'

ಸಿಟ್ಟಿದ್ದರೆ ಚೆನ್ನಾಗಿತ್ತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲ್ಯಾಬಿನಲ್ಲಿ ಕೇಳುವ ಹಾಗೆಯೇ ಕೇಳಿದ್ದಳು. ಪೇಟ ಕಣ್ಣಿಗೆ ಜಾರಿತು. ಆ ಕತ್ತಲೆಯೊಳಗಿಂದ ನೀಲಕಂಠಪ್ಪ ತನ್ನ ದನಿ ತನಗೇ ಕೇಳಿಸುವಂತೆ ಹೇಳಿದ: 'ಅವತ್ತು ಶ್ರಾವಣ ಸೋಮವಾರ ಇತ್ತು. ಶ್ರಾವಣ ಸೋಮವಾರ ಜೀವ ಕೊಲ್ಲಬೇಡ ಅಂತ ನಮ್ಮ ಅವ್ವ ನನ್ನಿಂದ ಮಾತು ತಗೊಂಡಿದ್ದಳು. ಅದಕ್ಕೆ ಹಾಕಲಿಲ್ಲ.'

ಸಭೆಯಲ್ಲಿ ಯಾರೋ 'ಹರ ಹರ ಮಹಾದೇವ' ಎಂದರು, ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. 'ಕೇಳಿದಿರಾ!' ಶೆಟ್ಟರ ಕಣ್ಣಲ್ಲಿ ನಿಜವಾಗಿ ನೀರಿತ್ತು. 'ಇಷ್ಟು ದೊಡ್ಡ ವಿಜ್ಞಾನಿ, ಆದ್ರೂ ತಾಯಿ ಮಾತು ಮೀರಲಿಲ್ಲ! ಇದು ಸಂಸ್ಕಾರ! ಆ ತಾಯಿಯನ್ನು ಸ್ಟೇಜಿಗೆ ಕರ್ಕೊಂಡು ಬನ್ನಿ!'

ನೀಲಕಂಠಪ್ಪ ಪೇಟ ಕಿತ್ತು ಕುರ್ಚಿಯ ಮೇಲಿಟ್ಟು ಮೈಕಿಗೆ ಬಂದ. 'ಸ್ವಲ್ಪ ಕೇಳಿರಿ. ಚಪ್ಪಾಳೆ ಬೇಡ. ಆ ಸಂಖ್ಯೆ ಸುಳ್ಳು. ಬಾಟಲಿಯೊಳಗೆ ಆದದ್ದು, ಸಮುದ್ರದಲ್ಲಿ ಆದದ್ದಲ್ಲ. ಈ ಹುಡುಗಿದು ಏನೂ ತಪ್ಪಿಲ್ಲ. ನಿಜವಾದ ಸಂಖ್ಯೆ ಏಳು ಪಾಯಿಂಟ್ ಎಂಟು ಏಳು.'

'ಜಾಸ್ತಿಯೇ ಬಂತಲ್ಲ!' ಹಿಂದಿನ ಸಾಲಿನಿಂದ ಯಾರೋ ಖುಷಿಯಿಂದ ಕೂಗಿದರು.

'ಜಾಸ್ತಿ ಅಂದರೆ ಒಳ್ಳೆಯದು ಅಂತಲ್ಲ, ಅದೂ ಕೆಟ್ಟದ್ದೇ. ನಾನು ಬಂದಾಗ ಎಂಟರ ಮೇಲಿತ್ತು. ನಿಧಾನಕ್ಕೆ ಇಳೀತಾ ಇದೆ, ಆ ನಿಧಾನವೇ...'

ಮಹಿಳಾ ವಿಭಾಗದ ಒಬ್ಬರು ವೇದಿಕೆಯ ಹತ್ತಿರ ಬಂದು ಮೆಲ್ಲಗೆ ಕೇಳಿದರು, 'ಸರ್, ರಂಗೋಲಿ ಅಳಿಸಿ ಬೇರೆ ನಂಬರ್ ಬರೀಬೇಕಾ?' ಶೆಟ್ಟರು ಅವನ ಹೆಗಲ ಮೇಲೆ ಬೆಚ್ಚಗಿನ ಕೈಯಿಟ್ಟು ಮೈಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. 'ಎಂತ ವಿನಯ ನೋಡಿ! ಊಟ ತಯಾರುಂಟು.' ಅಂಬವ್ವನಿಗೆ ಅವನದಕ್ಕಿಂತ ಉದ್ದದ ಶಾಲು ಹೊದಿಸಿದರು. ಅವಳು ಸಭೆಯನ್ನೂ ಮಗನನ್ನೂ ಒಂದೇ ನೋಟದಲ್ಲಿ ನೋಡಿ ಕೈಮುಗಿದಳು.

ಊಟದ ಪಂಕ್ತಿಯಲ್ಲಿ ಅವಳ ಪಕ್ಕದ ಎಲೆಯನ್ನೇ ಅವನಿಗೆ ಹಾಕಿದ್ದರು. ಈಗ ತಪ್ಪಿಸಿಕೊಳ್ಳಲು ಟ್ರೇನಿರಲಿಲ್ಲ. ಬಡಿಸುವವರು ತಾಯಿ ಮಗನ ಜೋಡಿಯನ್ನು ನೋಡಲೆಂದೇ ಎರಡೆರಡು ಸಲ ಬಂದು ಪಾಯಸ ಹಾಕಿದರು. ಅವರು ಅತ್ತ ಹೋದ ಮೇಲೆ ಅಂಬವ್ವ ಕೇಳಿದಳು.

'ನಾ ಯಾವಾಗ ಹಂಗ ಅಂದಿದ್ನೋ ನೀಲ್ಯಾ?'

'ಮೊದಲನೇ ಸಲ ಸೂಟಿಗೆ ಬಂದಿದ್ನಲ್ಲವ್ವಾ. ಸ್ಟೇಷನ್ನಿನ್ಯಾಗ. ಬುತ್ತಿ ಕೊಟ್ಟಿ, ಆಮ್ಯಾಲ ಅಂದಿ.'

'ಮೀನ ತಿನ್ನಬ್ಯಾಡ ಅಂದಿದ್ದೆ. ಮುಂಬೈದಾಗ ಎಲ್ಲಾರೂ ತಿಂತಾರಂತ, ನೀ ಕಲೀಬ್ಯಾಡ ಅಂತ. ಜೀವಾ ಕೊಲ್ಲಬ್ಯಾಡ ಅಂತ ನಾ ಯಾಕ ಅನ್ಲಿ? ಶ್ರಾವಣ ಸೋಮಾರ ಮುಂಜಾನೆದ್ದು ಜ್ವಾಳದಾಗಿನ ನುಸಿ ಬಿಸಲಿಗಿ ಹಾಕಿ ಕೊಂದಾಕಿ ನಾ. ಇಲ್ಲಂದ್ರ ನೀವೆಲ್ಲಾ ರೊಟ್ಟಿ ಏನ ತಿಂತಿದ್ರಿ?'

ಸ್ಟೇಷನ್ನು ನೀಲಕಂಠಪ್ಪನ ಕಣ್ಣಮುಂದೆ ಹಾಗೇ ಇತ್ತು: ಬುತ್ತಿಗಂಟು, ಸೆರಗು, ಅವಳು ಬಾಯಿ ಒರೆಸಿಕೊಂಡದ್ದು. ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಎಷ್ಟು ಕೇಳಿಸಿಕೊಂಡರೂ ಅದು ತನ್ನ ದನಿಯಲ್ಲೇ ಬರುತ್ತಿತ್ತು. ಇಷ್ಟು ವರ್ಷ ಅವನು ಅವ್ವನ ಮಾತೆಂದು ಕಾಪಾಡಿಕೊಂಡು ಬಂದದ್ದು ತನ್ನದೇ ಪುಕ್ಕಲುತನವನ್ನು. ಅವಮಾನ ಎಂದರೆ ಇದು ಎಂದು ಅವನಿಗೆ ಅನ್ನಿಸಿತು. ವೇದಿಕೆಯ ಮೇಲಾದದ್ದೆಲ್ಲ ಇದರ ಮುಂದೆ ಏನೂ ಅಲ್ಲ.

'ಮೊದಲ ಆ ಹುಡುಗಿ ಮ್ಯಾಲ ಹಾಕಿದ್ದಿ. ಆಮ್ಯಾಲ ನನ್ನ ಮ್ಯಾಲ ಹಾಕಿದಿ' ಎಂದಳು ಅಂಬವ್ವ. ಸಿಟ್ಟಿನಿಂದ ಹೇಳಲಿಲ್ಲ, ಅಳಿಯಂದಿರ ವಿಷಯ ಮಾತಾಡುವಷ್ಟು ಸಲೀಸಾಗಿ ಹೇಳಿದಳು. ಪಾಯಸ ಬಳಿದು ತಿಂದು ಶಾಲಿನ ಅಂಚು ಮುಟ್ಟಿ ನೋಡಿದಳು. 'ಶಾಲ ಛಲೋ ಐತಿ ಬಿಡು.'

ಹೊರಗೆ ಕಾರು ನಿಂತಿತ್ತು. ಹೆಂಡತಿ ಮುಂದೆ ಕೂತಿದ್ದಳು, ಅವ್ವ ಹಿಂದೆ. ಬ್ಯಾನರಿನ ಡಾಲ್ಫಿನ್ನಿನ ಕೆಳಗೆ ಯಕ್ಷಿತಾ ಕಾಯುತ್ತಿದ್ದಳು.

'ಸರ್, ನಾಳೆ ನಾನು ಸೈನ್ ಮಾಡಲ್ಲ. ಡೈರೆಕ್ಟರ್ ಸರ್ ರೀಸನ್ ಕೇಳಿದ್ರೆ ನಿಮ್ಮ ಅಮ್ಮನ ಮನ್ನತ್, ಆ ಹರಕೆ ಅಂತ ಹೇಳ್ಬಹುದಾ?'

'ಬೇಡ' ಎಂದ ನೀಲಕಂಠಪ್ಪ. 'ನೀನು ಏನೂ ಹೇಳಬೇಡ.' ಹಣ್ಣಿನ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು ಜೇಬಿನಿಂದ ಫೋನು ತೆಗೆದ. ಡೈರೆಕ್ಟರ್ ಬಹಳ ಹೊತ್ತಿನ ಮೇಲೆ ಎತ್ತಿದರು, ಹಿಂದೆ ಟಿವಿಯಲ್ಲಿ ಕ್ರಿಕೆಟ್ಟಿತ್ತು. ವಿಷ ಹಾಕದೆ ಬಿಟ್ಟವನು ನಾನು, ಮರುದಿನ ಮುಚ್ಚಿಟ್ಟವನೂ ನಾನು, ತಿದ್ದುಪಡಿ ನನ್ನ ಹೆಸರಿನಲ್ಲೇ ಹೋಗಬೇಕು, ಇಲ್ಲದಿದ್ದರೆ ನಾನೇ ಪತ್ರಿಕೆಯವರಿಗೆ ಹೇಳುತ್ತೇನೆ ಎಂದು ನೀಲಕಂಠಪ್ಪ ತನಗೆ ಬರುವ ಹರಕು ಹಿಂದಿಯಲ್ಲಿ ಹೇಳಿದ. ಟಿವಿಯ ಸದ್ದು ಕಡಿಮೆಯಾಯಿತು. ನಿವೃತ್ತಿಗೆ ಮೊದಲು ಇದೆಲ್ಲ ಯಾಕೆ, ಯೋಚನೆ ಮಾಡಿ ಎಂದರು ಅವರು. ಮಾಡಿದ್ದೇನೆ ಎಂದ ಇವನು.

'ಠೀಕ್ ಹೈ. ಆದರೆ ಕಾರಣ ಬೇಕಲ್ಲ? ವಿಷ ಕ್ಯೂಂ ನಹೀಂ ಡಾಲಾ?'

ಕಾರಿನ ಕಿಟಕಿಯಿಂದ ಅವ್ವ ನೋಡುತ್ತಿದ್ದಳು. ಹಿಂದಿ ಅವಳಿಗೆ ಬರುತ್ತಿರಲಿಲ್ಲ.

'ಡರ್ ಗಯಾ ಥಾ, ಸರ್.'

'ಡರ್?' ಆ ಕಡೆ ನಗು ಬಂತು. 'ಕಿಸ್ ಸೇ? ಬ್ಯಾಕ್ಟೀರಿಯಾ ಸೇ?'

'ಹಾಂ ಸರ್' ಎಂದ ನೀಲಕಂಠಪ್ಪ. 'ಬ್ಯಾಕ್ಟೀರಿಯಾಕ್ಕೆ ಹೆದರಿದ ಅಂತಲೇ ಬರೀರಿ.'

ಫೋನು ಜೇಬಿಗೆ ಹಾಕಿ ಕಾರಿನ ಬಾಗಿಲು ತೆಗೆದ. ಅವ್ವ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು, ಅತ್ತ ಸರಿದು, ಅವನಿಗೆ ಜಾಗ ಮಾಡಿಕೊಟ್ಟಳು.